ನಗರ ಯೋಜನೆ, ಜನರ ಪಾಲ್ಗೊಳ್ಳುವಿಕೆ ಮತ್ತು ಸಂಶೋಧನೆಯ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಗರ ಯೋಜನೆ ಮಾಡುವಾಗ ಜನರ ಮಾತನ್ನು ಹೇಗೆ ಕೇಳುತ್ತಾರೆ ಅನ್ನೋದು ನಮ್ಮ ಸಂಶೋಧನೆಯ ವಿಷಯ. ಇದರಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಬರುವವರು, ಪ್ಲಾನರ್ ಕೆಲಸ ಬಿಟ್ಟು ಈ ಕಡೆ ಬರಲಾ ಅಂತ ಕೇಳುವವರು, "ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?" ಅನ್ನುವ ಅಪ್ಪ ಅಮ್ಮಂದಿರು. ಎಲ್ಲರ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

ಪ್ಲಾನರ್ ಮಾಡುವ ಕೆಲಸಕ್ಕೂ ಈ ಸಂಶೋಧನೆಗೂ ಏನು ವ್ಯತ್ಯಾಸ?

ಪ್ಲಾನರ್ ನಗರದ ಯೋಜನೆ ತಯಾರಿಸುತ್ತಾರೆ. ಎಲ್ಲಿ ಮನೆ ಬರಬೇಕು, ಎಲ್ಲಿ ಕಾರ್ಖಾನೆ, ರಸ್ತೆ ಎಷ್ಟು ಅಗಲ, ಯಾವ ಜಾಗ ಖಾಲಿ ಉಳಿಯಬೇಕು ಅನ್ನೋದನ್ನು ನಕ್ಷೆಗೆ ಇಳಿಸುತ್ತಾರೆ. ನಾವು ಆ ನಕ್ಷೆ ಹೇಗೆ ಹುಟ್ಟಿತು ಅಂತ ನೋಡುತ್ತೇವೆ. ಯಾರನ್ನು ಕೇಳಿದರು? ಯಾವಾಗ ಕೇಳಿದರು? ಕೇಳಿದ ಮೇಲೆ ನಕ್ಷೆಯಲ್ಲಿ ಏನಾದರೂ ಬದಲಾಯಿತಾ?

ಕೊನೆಯ ಪ್ರಶ್ನೆಯೇ ಮುಖ್ಯ. ಎಷ್ಟು ಸಭೆ ಆಯಿತು, ಎಷ್ಟು ಜನ ಬಂದರು ಅನ್ನೋದನ್ನು ಇಲಾಖೆಯವರೇ ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಅದಕ್ಕೆ ನಾವು ಬೇಕಾಗಿಲ್ಲ. ಜನ ಹೇಳಿದ ಮಾತು ಆಮೇಲೆ ಎಲ್ಲಿಗೆ ಹೋಯಿತು ಅಂತ ಬೆನ್ನು ಹತ್ತುವವರು ಕಡಿಮೆ. ನನ್ನ ಪ್ರಕಾರ ಈ ವೃತ್ತಿಯ ಅಸಲಿ ಕೆಲಸ ಅದೇ.

ಯಾವ ಡಿಗ್ರಿ ಇರಬೇಕು? ಆರ್ಕಿಟೆಕ್ಚರ್ ಓದಿರಲೇಬೇಕಾ?

ಬೇಕಿಲ್ಲ. ಪ್ಲಾನಿಂಗ್ ಅನ್ನೋದೇ ಹೊಸ ವಿಷಯ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ವಿಭಾಗ ಶುರುವಾಗಿದ್ದು 1909ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದು ಬೇರೆ ಬೇರೆ ಶಾಸ್ತ್ರಗಳಿಂದ ಸಾಲ ತಂದೇ ಬೆಳೆದಿದೆ. ಭೂಗೋಳ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಕಾನೂನು, ಸಿವಿಲ್ ಎಂಜಿನಿಯರಿಂಗ್ ಓದಿದವರೆಲ್ಲ ಪ್ಲಾನಿಂಗ್ ವಿಭಾಗಗಳಲ್ಲಿ ಪಾಠ ಹೇಳುತ್ತಾರೆ.

ಆದರೆ ಒಂದು ಮಾತು. ಪ್ಲಾನಿಂಗ್ ಓದದೆ ಬಂದವರು ಒಂದು ಭೂಬಳಕೆ ನಕ್ಷೆಯನ್ನಾದರೂ ಸರಿಯಾಗಿ ಓದೋದು ಕಲಿಯಬೇಕು. ಝೋನಿಂಗ್ ನಿಯಮ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಅಂದರೇನು, ಕರಡು ಯೋಜನೆಗೂ ಅಂತಿಮ ಯೋಜನೆಗೂ ನಡುವೆ ಏನೇನು ಹಂತ ಇರುತ್ತೆ ಅನ್ನೋದು ಗೊತ್ತಿಲ್ಲದಿದ್ದರೆ ಅಧಿಕಾರಿಗಳು ನಿಮ್ಮನ್ನು ಐದೇ ನಿಮಿಷದಲ್ಲಿ ಸಾಗಹಾಕುತ್ತಾರೆ.

ಓದು ಎಲ್ಲಿಂದ ಶುರು ಮಾಡಲಿ?

ಎಲ್ಲರೂ ಶುರು ಮಾಡುವುದು ಶೆರಿ ಅರ್ನ್‌ಸ್ಟೈನ್ 1969ರಲ್ಲಿ ಬರೆದ ಲೇಖನದಿಂದ. ಜನರ ಪಾಲ್ಗೊಳ್ಳುವಿಕೆಯನ್ನು ಅವರು ಎಂಟು ಮೆಟ್ಟಿಲಿನ ಏಣಿಯಾಗಿ ಬರೆದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ. ಅಲ್ಲಿ ಜನರನ್ನು ಬಳಸಿಕೊಳ್ಳುತ್ತಾರೆ, ಇಲ್ಲವೇ ಜನರಲ್ಲೇ ದೋಷ ಇದೆ ಅನ್ನುವ ಹಾಗೆ ತಿದ್ದಲು ಹೋಗುತ್ತಾರೆ. ನಡುವಿನ ಮೂರು ಮೆಟ್ಟಿಲು ಮಾಹಿತಿ ಕೊಡೋದು, ಅಭಿಪ್ರಾಯ ಕೇಳೋದು, ಸಮಾಧಾನ ಮಾಡೋದು. ಇವು ತೋರಿಕೆಯವು ಅಂತ ಅವರ ತೀರ್ಪು. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗಿ ಕೈ ಬದಲಾಯಿಸುತ್ತದೆ.

ಅರ್ನ್‌ಸ್ಟೈನ್ ಪ್ರೊಫೆಸರ್ ಆಗಿರಲಿಲ್ಲ. ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯಲ್ಲಿ 'ಮಾಡೆಲ್ ಸಿಟೀಸ್' ಕಾರ್ಯಕ್ರಮಕ್ಕೆ ಸಲಹೆಗಾರರಾಗಿ ಕೆಲಸ ಮಾಡಿದ್ದವರು. ಲೇಖನದಲ್ಲಿರುವ ಸಿಟ್ಟು ಆ ಅನುಭವದ್ದು. ಅದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಅದರ ಜೊತೆಗೆ ಪಾಲ್ ಡೇವಿಡಾಫ್ 1965ರಲ್ಲಿ ಬರೆದದ್ದು, ಹಾರ್ಸ್ಟ್ ರಿಟ್ಟಲ್ ಮತ್ತು ಮೆಲ್ವಿನ್ ವೆಬ್ಬರ್ 1973ರಲ್ಲಿ ಬರೆದದ್ದು ಓದಿ. ನಗರದ ಸಮಸ್ಯೆಗಳಿಗೆ ಗಣಿತದ ಲೆಕ್ಕದ ಹಾಗೆ ಒಂದೇ ಸರಿಯುತ್ತರ ಇರುವುದಿಲ್ಲ, ಸಮಸ್ಯೆ ಏನು ಅನ್ನೋದರಲ್ಲೇ ಜನರಿಗೆ ಜಗಳ ಇರುತ್ತೆ ಅಂತ ರಿಟ್ಟಲ್ ಮತ್ತು ವೆಬ್ಬರ್ ಹೇಳಿದರು. ಬ್ರಿಟನ್ನಿನಲ್ಲಿ 1969ರಲ್ಲೇ ಬಂದ ಸ್ಕೆಫಿಂಗ್‌ಟನ್ ಸಮಿತಿಯ ವರದಿಯನ್ನೂ ನೋಡಿ. ಒಂದೇ ವರ್ಷದಲ್ಲಿ ಒಂದು ಕಡೆ ಸರ್ಕಾರಿ ಸಮಿತಿ ಜನರನ್ನು ಹೇಗೆ ಕರೆಯಬೇಕು ಅಂತ ವಿಧಾನ ಬರೆಯುತ್ತಿತ್ತು, ಇನ್ನೊಂದು ಕಡೆ ಕರೆಯೋದೇ ನಾಟಕ ಅಂತ ಅರ್ನ್‌ಸ್ಟೈನ್ ಬರೆಯುತ್ತಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಜಾ ಇರುತ್ತೆ.

ಒಂದು ಎಚ್ಚರಿಕೆ. "ಈ ಯೋಜನೆ ಏಣಿಯ ನಾಲ್ಕನೇ ಮೆಟ್ಟಿಲಲ್ಲಿದೆ" ಅಂತ ಚೀಟಿ ಅಂಟಿಸಿ ಮುಗಿಸುವ ಪೇಪರ್‌ಗಳು ಸಾಕಷ್ಟು ಬಂದಾಗಿದೆ. ಇನ್ನೊಂದು ಬರೆದರೆ ಯಾರಿಗೂ ಏನೂ ಆಗಬೇಕಾಗಿಲ್ಲ.

ಪಿಎಚ್‌ಡಿಗೆ ಮುಂಚೆ ಕೆಲಸದ ಅನುಭವ ಬೇಕಾ?

ಕಡ್ಡಾಯವಲ್ಲ. ಆದರೆ ಪ್ಲಾನಿಂಗ್ ಕಚೇರಿಯಲ್ಲಿ ಎರಡು ವರ್ಷ ಕೂತು ಬಂದವರ ಪ್ರಶ್ನೆಗಳೇ ಬೇರೆ ಥರ ಇರುತ್ತವೆ. ಕಡತ ಯಾರ ಮೇಜಿನಲ್ಲಿ ನಿಲ್ಲುತ್ತೆ ಅಂತ ಅವರಿಗೆ ಗೊತ್ತಿರುತ್ತೆ.

ಪಿಎಚ್‌ಡಿ ವಿಷಯ ಹೇಗೆ ಆರಿಸಿಕೊಳ್ಳೋದು?

"ಸ್ಮಾರ್ಟ್ ಸಿಟಿಯಲ್ಲಿ ಜನರ ಪಾಲ್ಗೊಳ್ಳುವಿಕೆ" ಅಂತ ಪ್ರಪೋಸಲ್ ತರುವವರು ಜಾಸ್ತಿ. ಅದು ವಿಷಯದ ಹೆಸರು ಅಷ್ಟೇ, ಪ್ರಶ್ನೆ ಅಲ್ಲ. ಒಂದು ತೀರ್ಮಾನ ಹಿಡಿದುಕೊಳ್ಳಿ. ಒಂದು ರಸ್ತೆ ಅಗಲೀಕರಣ ನಿಂತುಹೋಯಿತು. ಒಂದು ಪಾರ್ಕ್ ಕರಡು ನಕ್ಷೆಯಲ್ಲಿತ್ತು, ಅಂತಿಮ ನಕ್ಷೆಯಲ್ಲಿ ಮಾಯವಾಯಿತು. ಇಂಥ ಒಂದು ಬದಲಾವಣೆ ಹೇಗಾಯಿತು ಅಂತ ಪೂರ್ತಿ ಬಿಡಿಸಿದರೆ ಅದರೊಳಗೆ ಅಧಿಕಾರ, ದುಡ್ಡು, ಕಾನೂನು, ಜಾಗದ ಬೆಲೆ ಎಲ್ಲ ತಾನಾಗೇ ಬರುತ್ತೆ.

ಡೆನ್ಮಾರ್ಕಿನ ಆಲ್‌ಬೋರ್ಗ್ ನಗರದ ಮೇಲೆ ಬೆಂಟ್ ಫ್ಲೂಬ್ಯಾರ್ ಮಾಡಿದ ಅಧ್ಯಯನ ಇದಕ್ಕೆ ಒಳ್ಳೆಯ ಮಾದರಿ. ಊರಿನ ನಡುಭಾಗದಲ್ಲಿ ಕಾರುಗಳನ್ನು ಕಡಿಮೆ ಮಾಡುವ ಯೋಜನೆಯೊಂದನ್ನು ಅವರು ವರ್ಷಗಟ್ಟಲೆ ಕಡತ ಕಡತವಾಗಿ ಹಿಂಬಾಲಿಸಿದರು. ಒಂದೇ ಒಂದು ಸಣ್ಣ ನಗರ. ಆದರೂ ಯಾವ ವಾದ "ತರ್ಕಬದ್ಧ" ಅನ್ನಿಸಿಕೊಳ್ಳಬೇಕು ಅನ್ನೋದನ್ನು ಬಲ ಇದ್ದವರೇ ತೀರ್ಮಾನಿಸುತ್ತಾರೆ ಅಂತ ಅವರು ತೋರಿಸಿದ್ದು ಎಲ್ಲ ಕಡೆಗೂ ಅನ್ವಯವಾಯಿತು. ವರ್ತಕರ ಸಂಘದ ಮಾತಿಗೆ ಅಲ್ಲಿ ಎಷ್ಟು ತೂಕ ಸಿಕ್ಕಿತು ಅನ್ನೋ ಭಾಗವನ್ನು ತಪ್ಪದೆ ಓದಿ.

ಫೀಲ್ಡ್‌ವರ್ಕ್ ಅಂದರೆ ದಿನವಿಡೀ ಏನು ಮಾಡ್ತೀರಿ?

ಎರಡು ಥರದ ಕೆಲಸ. ಒಂದು ಸಭೆಯಲ್ಲಿ ಕೂರೋದು, ಇನ್ನೊಂದು ಕಾಗದದ ಜೊತೆ ಕೂರೋದು.

ಸಭೆಯಲ್ಲಿ ಜನ ಏನು ಹೇಳಿದರು ಅನ್ನೋದಷ್ಟೇ ಬರೆದುಕೊಂಡರೆ ಅರ್ಧ ತಪ್ಪಿಹೋಗುತ್ತದೆ. ಸಭೆ ಇಟ್ಟ ಹೊತ್ತು ಯಾವುದು? ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಯಾರು ಬರಬಲ್ಲರು? ವೇದಿಕೆ ಮೇಲೆ ಯಾರಿದ್ದಾರೆ? ಮೈಕ್ ಯಾರ ಕೈಲಿದೆ, ಅದು ಹಿಂದಿನ ಸಾಲಿಗೆ ಹೋಯಿತಾ? ಗಡಿಯಾರ ನೋಡಿಕೊಂಡು ಕೂತರೆ ಇನ್ನೊಂದು ಗೊತ್ತಾಗುತ್ತದೆ. ಅಧಿಕಾರಿಗಳ ಪ್ರೆಸೆಂಟೇಷನ್ ಎಷ್ಟು ನಿಮಿಷ, ಜನರ ಪ್ರಶ್ನೆಗೆ ಉಳಿದದ್ದು ಎಷ್ಟು? ಮೊದಲ ಪ್ರಶ್ನೆ ಕೇಳಿದವರು ಯಾರು, ಅವರ ಹೆಸರು ಹಿಡಿದು ಕರೆದರಾ? ಆಮೇಲೆ ಇಲಾಖೆ ಹೊರಡಿಸುವ ನಡಾವಳಿ ತಗೊಂಡು ನಿಮ್ಮ ಟಿಪ್ಪಣಿ ಪಕ್ಕದಲ್ಲಿಡಿ. ಜಗಳವಾದ ಅರ್ಧ ಗಂಟೆ ಅಲ್ಲಿ "ಚರ್ಚಿಸಲಾಯಿತು" ಅನ್ನುವ ಒಂದೇ ಪದವಾಗಿರಬಹುದು.

ಕಾಗದದ ಕೆಲಸ ಇನ್ನೂ ನಿಧಾನ. ಕರಡು ಯೋಜನೆಗೆ ಬಂದ ಆಕ್ಷೇಪಣೆಗಳನ್ನು ಒಂದೊಂದಾಗಿ ಎಕ್ಸೆಲ್‌ಗೆ ಹಾಕಬೇಕು. ಒಂದು ಕಾಲಂನಲ್ಲಿ ಯಾವ ಜಾಗದ ಬಗ್ಗೆ, ಇನ್ನೊಂದರಲ್ಲಿ ಏನು ಕೇಳಿದ್ದಾರೆ, ಮತ್ತೊಂದರಲ್ಲಿ ಇಲಾಖೆಯ ಉತ್ತರ. ಉತ್ತರದ ಕಾಲಂ ಕೆಳಗೆ ಇಳಿಯುತ್ತಾ ಹೋದ ಹಾಗೆ "ಗಮನಿಸಲಾಗಿದೆ", "ಗಮನಿಸಲಾಗಿದೆ", "ಪರಿಶೀಲಿಸಲಾಗುವುದು", ಮತ್ತೆ "ಗಮನಿಸಲಾಗಿದೆ". ಕಣ್ಣು ಮಂಜಾಗುವ ಹೊತ್ತಿಗೆ ಒಂದು ಕಡೆ "ಒಪ್ಪಲಾಗಿದೆ, ತಿದ್ದುಪಡಿ ಮಾಡಲಾಗಿದೆ" ಅಂತ ಸಿಗುತ್ತದೆ. ಆಗ ಎದ್ದು ಕೂರಬೇಕು. ಯಾರದು ಈ ಅರ್ಜಿ? ಜೊತೆಗೆ ನಕ್ಷೆ ಲಗತ್ತಿಸಿದ್ದರಾ? ವಕೀಲರು ಬರೆದದ್ದಾ? ಅದೇ ಬೇಡಿಕೆ ಇಟ್ಟ ಬೇರೆಯವರಿಗೆ ಯಾಕೆ ಸಿಗಲಿಲ್ಲ?

ಆಮೇಲೆ ಕರಡು ನಕ್ಷೆ, ಅಂತಿಮ ನಕ್ಷೆ ಎರಡನ್ನೂ ಜಿಐಎಸ್‌ನಲ್ಲಿ, ಅಂದರೆ ಕಂಪ್ಯೂಟರಿನ ನಕ್ಷೆ ತಂತ್ರಾಂಶದಲ್ಲಿ, ಒಂದರ ಮೇಲೊಂದು ಇಟ್ಟು ನೋಡುತ್ತೇವೆ. ಯಾರೂ ಆಕ್ಷೇಪಣೆ ಸಲ್ಲಿಸದ ಜಾಗದಲ್ಲೂ ಭೂಬಳಕೆ ತೋರಿಸುವ ಬಣ್ಣ ಬದಲಾಗಿದ್ದರೆ? ಸಭೆಯಿಂದ ಆಚೆ ಇನ್ಯಾವುದೋ ಬಾಗಿಲು ತೆರೆದಿತ್ತು ಅಂತ ಅನುಮಾನಿಸಬಹುದು. ಅನುಮಾನ ಮಾತ್ರ. ಕೋರ್ಟ್ ಆದೇಶ ಬಂದಿರಬಹುದು, ಅನುದಾನ ನಿಂತಿರಬಹುದು, ಚುನಾವಣೆ ಹತ್ತಿರ ಇದ್ದಿರಬಹುದು, ಸುಮ್ನೆ ಡ್ರಾಯಿಂಗ್ ತಪ್ಪು ಸರಿಪಡಿಸಿದ್ದೂ ಇರಬಹುದು. ಅದನ್ನು ತಿಳಿಯೋಕೆ ಸಂದರ್ಶನ.

ಯೋಜನೆ ಜಾರಿಯಾಗೋಕೆ ಹತ್ತು ಹದಿನೈದು ವರ್ಷ. ಪಿಎಚ್‌ಡಿ ಮುಗಿಸಬೇಕಾದ್ದು ನಾಲ್ಕೈದು ವರ್ಷದಲ್ಲಿ. ಹೊಂದೋದು ಹೇಗೆ?

ಹೊಂದೋದಿಲ್ಲ. ಈ ಕ್ಷೇತ್ರದ ದೊಡ್ಡ ತೊಂದರೆಯೇ ಇದು. ಅದಕ್ಕೇ ಪೇಪರ್‌ಗಳಲ್ಲಿ ಸಭೆಗಳ ವಿವರ ಧಾರಾಳವಾಗಿ ಸಿಗುತ್ತದೆ, ಸಭೆಯ ನಂತರದ ಕಥೆ ಸಿಗೋದಿಲ್ಲ. ಸಂಶೋಧಕರ ಅವಧಿ ಸಭೆಯ ಹೊತ್ತಿಗೇ ಮುಗಿದಿರುತ್ತೆ.

ದಾರಿ ಇಲ್ಲ ಅಂತಲ್ಲ. ಆಗಲೇ ಮುಗಿದ ಯೋಜನೆಯನ್ನು ಹಿಂದಕ್ಕೆ ಬಿಡಿಸುತ್ತಾ ಹೋಗಬಹುದು. ಇಲ್ಲವೇ ನಿಮಗಿಂತ ಮುಂಚೆ ಬೇರೆಯವರು ಅಧ್ಯಯನ ಮಾಡಿ ಬಿಟ್ಟ ಊರಿಗೆ ಮತ್ತೆ ಹೋಗಬಹುದು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಜನರೇ ಸಭೆ ಸೇರಿ ಬಜೆಟ್ಟಿನ ಒಂದು ಭಾಗ ತೀರ್ಮಾನಿಸುವ ಪದ್ಧತಿ ಶುರು ಮಾಡಿತು. ಅದು ಆಮೇಲೆ ಪ್ರಪಂಚದ ಸಾವಿರಾರು ಊರುಗಳಿಗೆ ಹಬ್ಬಿತು. ಶುರುವಿನ ವರ್ಷಗಳ ಉತ್ಸಾಹ ನೋಡಿ ಬರೆದದ್ದನ್ನೂ, ಆಡಳಿತ ಬದಲಾದ ಮೇಲೆ ಅದು ಸೊರಗಿದ್ದನ್ನು ನೋಡಿ ಬರೆದದ್ದನ್ನೂ ಒಟ್ಟಿಗೆ ಓದಿದರೆ, ಒಂದೇ ಹೊತ್ತಿನ ಫೋಟೊ ಎಷ್ಟು ಮೋಸ ಮಾಡಬಹುದು ಅಂತ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ಬುದ್ಧಿಮಾತು: ಸಿಕ್ಕ ದಾಖಲೆಯನ್ನು ಸಿಕ್ಕ ದಿನವೇ ಇಳಿಸಿಕೊಂಡು, ದಿನಾಂಕ ಹಾಕಿ ಇಡಿ. ಯೋಜನೆ ಮುಗಿದ ಮೇಲೆ ಅದರ ವೆಬ್‌ಸೈಟ್ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಅಂಕಿಅಂಶ ಬರಬೇಕಾ? ನನಗೆ ಗಣಿತ ಅಂದರೆ ಆಗಲ್ಲ.

ಮೂಲ ಮಟ್ಟದ್ದು ಬರಲೇಬೇಕು. ಇಲ್ಲದಿದ್ದರೆ ಯಾರೋ ಮಾಡಿದ ಸಮೀಕ್ಷೆ ಸರಿಯೋ ತಪ್ಪೋ ಹೇಳೋಕಾಗಲ್ಲ.

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞರು ಮ್ಯಾಸಚೂಸೆಟ್ಸ್ ರಾಜ್ಯದ 97 ಊರುಗಳ ಪ್ಲಾನಿಂಗ್ ಮತ್ತು ಝೋನಿಂಗ್ ಸಭೆಗಳ ನಡಾವಳಿ ಓದಿ, ಮಾತಾಡಿದವರ ಹೆಸರುಗಳನ್ನು ಮತದಾರರ ಪಟ್ಟಿಗೆ ಹೋಲಿಸಿದರು. ನಡಾವಳಿ ಕಪಾಟಿನಲ್ಲೇ ಬಿದ್ದಿತ್ತು, ಪಟ್ಟಿಯೂ ಇತ್ತು. ಎರಡನ್ನೂ ಸೇರಿಸಿ ನೋಡುವ ಯೋಚನೆ ಬರಬೇಕಿತ್ತು ಅಷ್ಟೇ. ಅದರಲ್ಲಿರುವ ಗಣಿತ ಕಷ್ಟದ್ದಲ್ಲ. ತಾಳ್ಮೆ ಮಾತ್ರ ಬೇಕು.

ಜನ ಪಾಲ್ಗೊಂಡರೆ ಒಳ್ಳೆಯದೇ ಅಲ್ವಾ? ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?

ಮೇಲೆ ಹೇಳಿದ ಮ್ಯಾಸಚೂಸೆಟ್ಸ್ ಅಧ್ಯಯನದಲ್ಲಿ ಸಿಕ್ಕಿದ್ದೇ ಇದಕ್ಕೆ ಉತ್ತರ. ಸಭೆಯಲ್ಲಿ ಎದ್ದು ಮಾತಾಡಿದವರು ಊರಿನ ಉಳಿದವರಿಗಿಂತ ವಯಸ್ಸಾದವರು. ಅವರಲ್ಲಿ ಗಂಡಸರು ಜಾಸ್ತಿ, ಸ್ವಂತ ಮನೆ ಇದ್ದವರು ಜಾಸ್ತಿ. ಹೊಸ ಮನೆ ಕಟ್ಟುವ ಪ್ರಸ್ತಾವ ಬಂದಾಗ ಅವರಲ್ಲಿ ಬಹುಪಾಲು ಜನ ಬೇಡ ಅಂದರು. ಆ ಮನೆಗಳು ಕಟ್ಟಿದ್ದರೆ ಬಂದು ಇರುತ್ತಿದ್ದವರು ಸಭೆಯಲ್ಲಿ ಇರಲಿಲ್ಲ. ಅವರಿನ್ನೂ ಆ ಊರಿನವರೇ ಆಗಿಲ್ಲ, ಅವರಿಗೆ ನೋಟಿಸು ಹೋಗೋದಾದರೂ ಎಲ್ಲಿಗೆ?

ಹಾಗಂತ ಸಭೆಯೇ ಬೇಡ ಅನ್ನೋದಕ್ಕಾಗಲ್ಲ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬಂದ ಹಾಗಲ್ಲ. ಜರ್ಮನಿಯಲ್ಲಿ 1970ರ ದಶಕದಲ್ಲಿ ಪೀಟರ್ ಡೀನೆಲ್ ಬೇರೆ ದಾರಿ ಹುಡುಕಿದರು. ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿ, ಸುಮಾರು 25 ಜನರ ಗುಂಪು ಮಾಡಿ, ಕೆಲವು ದಿನ ಕೂರಿಸಿ, ಮಾಹಿತಿ ಕೊಟ್ಟು, ಆ ದಿನಗಳಿಗೆ ದುಡ್ಡೂ ಕೊಟ್ಟು ಅಭಿಪ್ರಾಯ ಕೇಳೋದು. ಈಗಿನ ನಾಗರಿಕರ ಸಭೆಗಳಲ್ಲಿ ಇದೇ ವಿಚಾರ ಇದೆ. ಇಲ್ಲೂ ಪ್ರಶ್ನೆ ತಪ್ಪಿದ್ದಲ್ಲ. ಯಾವ ವಿಷಯ ಮೇಜಿನ ಮೇಲೆ ಇಡಬೇಕು ಅಂತ ತೀರ್ಮಾನಿಸಿದ್ದು ಯಾರು? ಆ ಗುಂಪಿನ ಶಿಫಾರಸನ್ನು ಕೈಬಿಟ್ಟರೆ ಸರ್ಕಾರ ಕಾರಣ ಕೊಡಬೇಕಾ?

ಕಾನೂನು ಇದ್ದ ಕಡೆ ಈ ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿಡಿತ ಸಿಗುತ್ತದೆ. 1998ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಆದ ಒಪ್ಪಂದ ಪರಿಸರದ ವಿಷಯದಲ್ಲಿ ಮಾಹಿತಿ ಪಡೆಯುವ, ಪಾಲ್ಗೊಳ್ಳುವ, ಕೋರ್ಟಿಗೆ ಹೋಗುವ ಹಕ್ಕು ಮೂರನ್ನೂ ಒಟ್ಟಿಗೆ ಕೊಟ್ಟಿತು. ಮೂರನೆಯದು ಇಲ್ಲದಿದ್ದರೆ ಮೊದಲ ಎರಡಕ್ಕೆ ಹಲ್ಲಿರುವುದಿಲ್ಲ.

ಸಂಶೋಧಕರು ಜನರ ಪರ ನಿಲ್ಲಬಹುದಾ, ತಟಸ್ಥವಾಗಿರಬೇಕಾ?

ಮೇಲೆ ಹೇಳಿದ ಡೇವಿಡಾಫ್ 1965ರಲ್ಲಿ ಕೇಳಿದ್ದು ಇದನ್ನೇ. ಅವರು ವಕೀಲರೂ ಹೌದು. ಕೋರ್ಟಿನಲ್ಲಿ ಎರಡೂ ಕಡೆಗೆ ವಕೀಲರಿರುವಾಗ ಪ್ಲಾನಿಂಗಿನಲ್ಲಿ ಬಡವರ ಪರ ಯೋಜನೆ ಬರೆಯುವವರು ಯಾಕಿಲ್ಲ ಅಂತ ಅವರ ವಾದ.

ನನ್ನ ಅಭಿಪ್ರಾಯ ಹೀಗಿದೆ. ಯಾರ ಪರ ಅನ್ನೋದನ್ನು ಮುಚ್ಚಿಡಬೇಡಿ. ಮೊದಲ ಪುಟದಲ್ಲೇ ಬರೆಯಿರಿ. ಆದರೆ ನಿಮ್ಮ ಕಡೆಯವರ ತಪ್ಪು ಕಂಡಾಗ ಅದನ್ನೂ ಬರೆಯಿರಿ. ಹೋರಾಟದ ಸಂಘಟನೆಯೊಳಗೇ ಬಾಡಿಗೆದಾರರಿಗೆ ಮಾತಿಲ್ಲ ಅಂತ ಗೊತ್ತಾದರೆ ಅದೂ ದತ್ತಾಂಶವೇ. ಅಧಿಕಾರಿಗಳನ್ನು ಖಳನಾಯಕರ ಹಾಗೆ ನೋಡುವುದನ್ನೂ ಬಿಡಿ. ಮೇಲಿನಿಂದ ಒತ್ತಡ, ಕೆಳಗಿನಿಂದ ಬೈಗುಳ, ನಡುವೆ ಕೊನೆಯ ದಿನಾಂಕ ಹಿಡಿದು ಕೂತವರು ಅವರು. ಒಳ್ಳೆಯ ಸಂದರ್ಶನ ಅವರಿಂದಲೇ ಸಿಗೋದು.

ಎಥಿಕ್ಸ್ ಕಮಿಟಿ ಅನುಮತಿ ಬರೀ ಫಾರ್ಮ್ ತುಂಬೋದಾ?

ಫಾರ್ಮ್ ತುಂಬಿದರೆ ಕಮಿಟಿಗೆ ಸಮಾಧಾನ. ಅಪಾಯ ಬೇರೆ ಕಡೆ ಇರುತ್ತೆ. ಹೆಸರು ತೆಗೆದು "ಬಡಾವಣೆ ಸಂಘದ ಕಾರ್ಯದರ್ಶಿ" ಅಂತ ಬರೆದರೆ ಆ ಬಡಾವಣೆಯ ಪ್ರತಿಯೊಬ್ಬರಿಗೂ ಅದು ಯಾರು ಅಂತ ಗೊತ್ತಾಗುತ್ತೆ.

ಇನ್ನೂ ಗಂಭೀರವಾದದ್ದು ನಕ್ಷೆ. ಹಕ್ಕುಪತ್ರ ಇಲ್ಲದೆ ವಾಸಿಸುವವರ ಜೊತೆ ಕೂತು, ಯಾರ ಮನೆ ಎಲ್ಲಿದೆ ಅಂತ ಪ್ರೀತಿಯಿಂದ ಗುರುತು ಹಾಕಿಸಿಕೊಳ್ಳುತ್ತೀರಿ. ಅದೇ ನಕ್ಷೆ ಇನ್ನೊಬ್ಬರ ಕೈಗೆ ಹೋದರೆ ತೆರವು ಮಾಡುವವರಿಗೆ ಪಟ್ಟಿ ಸಿದ್ಧವಾದ ಹಾಗೆ. ಎಲ್ಲವನ್ನೂ ಗುರುತು ಮಾಡಲೇಬೇಕು ಅಂತೇನಿಲ್ಲ.

ಜನರ ಸಮಯವನ್ನೂ ನೆನಪಿಡಿ. ಒಂದೇ ಕಾಲೊನಿಗೆ ಎಲ್ಲ ವಿದ್ಯಾರ್ಥಿಗಳೂ ಹೋಗಿ ಅದೇ ಪ್ರಶ್ನೆ ಕೇಳಿದರೆ ಅವರು ಬಾಗಿಲು ಹಾಕಿಕೊಳ್ಳೋದು ನ್ಯಾಯವೇ.

ಗೈಡ್ ಹೇಗಿರಬೇಕು?

ನಿಮ್ಮ ಅಧ್ಯಾಯ ಓದಿ ವಾಪಸ್ ಕೊಡುವವರಾಗಿರಬೇಕು. ದೊಡ್ಡ ಹೆಸರು ಎರಡನೇ ಮಾತು. ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕೇಳಿ.

ಪೇಪರ್ ಎಲ್ಲಿಗೆ ಕಳಿಸೋದು?

ಸಿದ್ಧಾಂತದ ಕಡೆ ವಾಲಿದ್ದರೆ 'ಪ್ಲಾನಿಂಗ್ ಥಿಯರಿ'. ಪ್ರಾಯೋಗಿಕ ಪಾಠ ಇದ್ದರೆ 'ಜರ್ನಲ್ ಆಫ್ ದಿ ಅಮೆರಿಕನ್ ಪ್ಲಾನಿಂಗ್ ಅಸೋಸಿಯೇಷನ್' ಅಥವಾ 'ಪ್ಲಾನಿಂಗ್ ಥಿಯರಿ ಅಂಡ್ ಪ್ರಾಕ್ಟೀಸ್'. ಅರ್ನ್‌ಸ್ಟೈನ್ ಲೇಖನ ಬಂದದ್ದು ಈ ಅಮೆರಿಕನ್ ಜರ್ನಲ್‌ನಲ್ಲೇ, ಆಗ ಅದರ ಹೆಸರು ಬೇರೆ ಇತ್ತು. 1987ರಲ್ಲಿ ಶುರುವಾದ ಯುರೋಪಿನ ಪ್ಲಾನಿಂಗ್ ಶಾಲೆಗಳ ಸಂಘ, ಅಂದರೆ ಎಸಾಪ್, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕಾರ್ಯಾಗಾರ ನಡೆಸುತ್ತದೆ. ಪೇಪರ್ ಕಳಿಸುವ ಮುಂಚೆ ಅಂಥ ಕಡೆ ಓದಿ ಬೈಸಿಕೊಂಡು ಬರೋದು ಒಳ್ಳೆಯದು.

ಜರ್ನಲ್ ಪೇಪರ್ ನಿಮ್ಮ ಜೊತೆ ಮಾತಾಡಿದ ಜನರ ಕೈಗೆ ಹೋಗಲ್ಲ. ಅವರ ಭಾಷೆಯಲ್ಲಿ ಎರಡು ಪುಟ ಬೇರೆ ಬರೆದು ಕೊಡಿ. ಬಡ್ತಿಗೆ ಅದರಿಂದ ಅಂಕ ಬರಲ್ಲ, ಆದರೂ ಕೊಡಿ.

ಕನ್ಸಲ್ಟೆನ್ಸಿ ಕೆಲಸ ತಗೊಳ್ಳಬಹುದಾ?

ತಗೊಳ್ಳಬಹುದು. ಕಡತಗಳು ನೋಡೋಕೆ ಸಿಗುವುದೇ ಎಷ್ಟೋ ಸಲ ಹಾಗೆ. ಆದರೆ ಸಭೆ ನಡೆಸಿದ ಸಂಸ್ಥೆಯೇ "ಸಭೆ ಹೇಗಿತ್ತು ಹೇಳಿ" ಅಂತ ದುಡ್ಡು ಕೊಟ್ಟಾಗ ಹುಷಾರು. ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಎರಡು ಸಾಲು ಹುಡುಕಿ: ದತ್ತಾಂಶ ಯಾರದು, ಅವರನ್ನು ಕೇಳದೆ ಪ್ರಕಟಿಸಬಹುದಾ. ಎರಡೂ ಅವರ ಕಡೆಗಿದ್ದರೆ ಅದನ್ನು ಸಂಶೋಧನೆ ಅಂತ ಕರೆಯಬೇಡಿ.

ಈಗೆಲ್ಲ ಆನ್‌ಲೈನ್, ಎಐ. ಸಭೆಗೆ ಹೋಗುವ ಕಾಲ ಮುಗೀತಾ?

ಇಲ್ಲ. ಬಾರ್ಸಿಲೋನಾ 2016ರಲ್ಲಿ ಜನ ಪ್ರಸ್ತಾವ ಇಟ್ಟು ಚರ್ಚಿಸುವ 'ಡೆಸಿದಿಮ್' ಅನ್ನುವ ತಾಣ ಶುರು ಮಾಡಿತು. ಅದರ ಕೋಡ್ ಯಾರು ಬೇಕಾದರೂ ಬಳಸಬಹುದು, ಬೇರೆ ಊರುಗಳೂ ಬಳಸುತ್ತಿವೆ. ನನಗೆ ಅದರಲ್ಲಿ ಇಷ್ಟವಾಗುವುದು ಒಂದು ಪ್ರಸ್ತಾವ ಒಪ್ಪಿಗೆಯಾಯಿತಾ, ಆಮೇಲೆ ಏನಾಯಿತು ಅಂತ ಎಲ್ಲರಿಗೂ ಕಾಣುವ ಹಾಗೆ ಇಡಲು ಅಲ್ಲಿ ಜಾಗ ಇರುವುದು. ನಗರಾಡಳಿತದವರು ಅದನ್ನು ತುಂಬಿದರೆ ನಮ್ಮ ಅರ್ಧ ಕೆಲಸ ಹಗುರ.

ಸಾವಿರಾರು ಅಭಿಪ್ರಾಯಗಳನ್ನು ಎಐ ಕೈಲಿ ಸಾರಾಂಶ ಮಾಡಿಸುವವರು ಹೆಚ್ಚುತ್ತಿದ್ದಾರೆ. ಸಾರಾಂಶದಲ್ಲಿ ಉಳಿಯುವುದು ಹೆಚ್ಚು ಜನ ಹೇಳಿದ್ದು. ಯಾವುದೋ ಕಾಲುವೆ ಮಳೆಗಾಲದಲ್ಲಿ ಯಾವ ಕಡೆ ಉಕ್ಕುತ್ತೆ ಅಂತ ಒಬ್ಬರೇ ಹೇಳಿರುತ್ತಾರೆ, ಯೋಜನೆಗೆ ಬೇಕಾದ್ದು ಅದೇ ಆಗಿರುತ್ತೆ. ಒಂದಷ್ಟು ಅಭಿಪ್ರಾಯಗಳನ್ನು ಕೈಯಾರೆ ಓದಿ ಹೋಲಿಸದೆ ಯಂತ್ರದ ಸಾರಾಂಶ ನಂಬಬೇಡಿ.

ಕಾಯಂ ಕೆಲಸ ಸಿಗುತ್ತಾ?

ಸುಲಭವಾಗಿ ಸಿಗಲ್ಲ. ಪಿಎಚ್‌ಡಿ ಆದ ಮೇಲೆ ಒಂದೆರಡು ಪೋಸ್ಟ್‌ಡಾಕ್ ಗುತ್ತಿಗೆ, ಊರು ಬದಲಾವಣೆ, ಮತ್ತೆ ಅರ್ಜಿ ಇದ್ದದ್ದೇ. ಪ್ಲಾನಿಂಗ್ ವಿಭಾಗಗಳು ಚಿಕ್ಕವು. "ಪಾಲ್ಗೊಳ್ಳುವಿಕೆ" ಅಂತಲೇ ಹುದ್ದೆ ಕರೆಯೋದು ಅಪರೂಪ. ಸಾರಿಗೆ, ವಸತಿ, ಹವಾಮಾನ, ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದು, ಪಾಲ್ಗೊಳ್ಳುವಿಕೆಯನ್ನು ಅದರ ಜೊತೆ ಸೇರಿಸಿಕೊಂಡವರಿಗೆ ಬಾಗಿಲು ಜಾಸ್ತಿ. ಸ್ಟುಡಿಯೋ ಕ್ಲಾಸ್, ಅಂದರೆ ವಿದ್ಯಾರ್ಥಿಗಳ ಕೈಲೇ ಯೋಜನೆ ಮಾಡಿಸುವ ಕ್ಲಾಸ್, ನಡೆಸೋಕೆ ಬಂದರೆ ಇನ್ನೂ ಅನುಕೂಲ. ಅದಕ್ಕೆ ಸಮಯ ಹಿಡಿಯುತ್ತೆ, ಆದ್ದರಿಂದ ಬೇರೆಯವರು ತಪ್ಪಿಸಿಕೊಳ್ಳುತ್ತಿರುತ್ತಾರೆ.

ವಿಶ್ವವಿದ್ಯಾಲಯದ ಆಚೆಗೂ ಕೆಲಸ ಇದೆ. ನಗರಾಡಳಿತಗಳು, ವಸತಿ ಹಕ್ಕಿನ ಸಂಸ್ಥೆಗಳು, ನಗರ ಮತ್ತು ವಸತಿ ವಿಷಯ ನೋಡುವ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್‌ನಂಥ ಕಡೆಗಳಿಗೆ ಈ ಪಿಎಚ್‌ಡಿ ಮಾಡಿದವರು ಹೋಗುತ್ತಾರೆ. ಅದನ್ನು ಸೋಲು ಅಂತ ಅಂದುಕೊಳ್ಳುವವರ ಜೊತೆ ನನಗೆ ಜಗಳ ಇದೆ.

ಪಿಎಚ್‌ಡಿ ಸಂದರ್ಶನದಲ್ಲಿ ಏನು ಕೇಳ್ತಾರೆ?

ಸಿದ್ಧಾಂತದ ಬಗ್ಗೆ ಒಂದೆರಡು ಪ್ರಶ್ನೆ. ಆಮೇಲೆ ತಪ್ಪದೆ ಬರುವುದು ಇದು: "ಇಲಾಖೆ ಕಡತ ಕೊಡದಿದ್ದರೆ ಏನು ಮಾಡ್ತೀರಿ?" ಅದಕ್ಕೆ ಉತ್ತರ ಸಿದ್ಧ ಇರಲಿ. ಮಾಹಿತಿ ಹಕ್ಕಿನ ಕಾನೂನು ಇರುವ ದೇಶವಾದರೆ ಅದರ ಅರ್ಜಿ, ಕೋರ್ಟಿನಲ್ಲಿ ಈಗಾಗಲೇ ಸಲ್ಲಿಕೆಯಾದ ದಾಖಲೆಗಳು, ಆ ಕಾಲದ ಪತ್ರಿಕೆಗಳು, ಆಕ್ಷೇಪಣೆ ಸಲ್ಲಿಸಿದವರು ಮನೆಯಲ್ಲಿ ಇಟ್ಟುಕೊಂಡ ಸ್ವೀಕೃತಿ ಪ್ರತಿ. ಇವುಗಳಲ್ಲಿ ಯಾವುದು ಎಲ್ಲಿ ಸಿಗುತ್ತೆ ಅಂತ ಸಂದರ್ಶನಕ್ಕೆ ಮುಂಚೆಯೇ ಹೋಗಿ ನೋಡಿಕೊಂಡು ಬನ್ನಿ. ಸಾಧ್ಯವಾದರೆ ಒಂದು ಪ್ರತಿ ಕೈಯಲ್ಲೇ ಹಿಡಿದುಕೊಂಡು ಬನ್ನಿ.